ಸೇವಂತಿಗೆ: ಹೂ ಮುಗಿದ ಮೇಲಿನ ಆರೈಕೆ

(ಗ್ರಾಮಸೇವಕರೊಬ್ಬರು ರೈತರ ಕೂಟದಲ್ಲಿ ಮಾಡಿದ ಭಾಷಣ)



ಸೇವಂತಿಗೆ ಹೂ ಕೊಯ್ದು ಮುಗಿಯಿತೆಂದರೆ ಗಿಡವನ್ನು ನಾವು ಮರೆತೇಬಿಡುತ್ತೇವೆ. ದನ ಬಾಯಿ ಹಾಕುತ್ತದೆ, ಕಳೆ ಮುಚ್ಚಿಕೊಳ್ಳುತ್ತದೆ. ಆದರೆ ಮುಂದಿನ ವರ್ಷದ ಬೆಳೆ ಆರಂಭವಾಗುವುದು ಅಲ್ಲಿಂದಲೇ. ಸೇವಂತಿಗೆ ಬಹುವಾರ್ಷಿಕ ಗಿಡ. ಮೇಲಿನ ಕಾಂಡ ಒಣಗಿದರೂ ಬುಡದಲ್ಲಿ ಜೀವವಿರುತ್ತದೆ. ಅಲ್ಲಿಂದ ಏಳುವ ಕಂದುಗಳೇ ನಮಗೆ ಬೀಜವಿದ್ದಂತೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ವ್ಯವಸಾಯದ ಡಿಪ್ಲೊಮಾ ಮುಗಿಸಿ ಬಂದ ಹೊಸದರಲ್ಲಿ, ಯಾರದೋ ತೋಟದಿಂದ ಕಂದು ತಂದು ನಮ್ಮ ಹಿತ್ತಲಿನ ಒಂದು ಗುಂಟೆಯಲ್ಲಿ ನೆಟ್ಟೆ. ತಾಯಿಗಿಡ ಹೇಗಿತ್ತೆಂದು ನೋಡಲಿಲ್ಲ. ಮಡಿಯೂ ತಗ್ಗಿನಲ್ಲಿತ್ತು. ಆಷಾಢದ ಮಳೆಗೆ ನೀರು ನಿಂತು, ಬೇರು ಕೊಳೆತು, ಅರ್ಧಕ್ಕರ್ಧ ಗಿಡ ಸತ್ತವು. "ಇದು ಪುಸ್ತಕದ ಬೇಸಾಯ" ಎಂದು ನಮ್ಮವ್ವ ನಕ್ಕಳು. ಪುಸ್ತಕದಲ್ಲಿದ್ದುದನ್ನು ನಾನು ಮಾಡಿರಲಿಲ್ಲ, ಅಷ್ಟೆ!

ಆದ್ದರಿಂದ ತಾವು ಹೀಗೆ ಮಾಡಿರಿ. ಹೂವಿರುವಾಗಲೇ ಮಡಿಯಲ್ಲಿ ಓಡಾಡಿ, ರೋಗವಿಲ್ಲದೆ ಹೆಚ್ಚು ಹೂ ಬಿಟ್ಟ ಗಿಡಗಳಿಗೆ ದಾರ ಕಟ್ಟಿರಿ. ಬಾಡಿದ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿರಿ, ತಿಪ್ಪೆಗೆ ಹಾಕಬೇಡಿರಿ. ಹೂ ಮುಗಿದ ಕೂಡಲೆ, ದಾರ ಕಟ್ಟಿದ ಗಿಡಗಳನ್ನು ನೆಲದಿಂದ ಮೂರು ನಾಲ್ಕು ಅಂಗುಲ ಬಿಟ್ಟು ಕತ್ತರಿಸಿರಿ. ಬುಡ ಸಡಿಲಿಸಿ, ಗೊಬ್ಬರ ಕೊಟ್ಟು, ಹದವಾಗಿ ನೀರು ಹಾಯಿಸಿರಿ. ಬೇಸಿಗೆಯಲ್ಲಿ ಕಂದುಗಳನ್ನು ಉಳಿಸಿಕೊಳ್ಳುವುದೇ ಮುಖ್ಯ.

ಮೇ-ಜೂನ್ ತಿಂಗಳಲ್ಲಿ ಬೇರು ಬಿಟ್ಟ ಕಂದುಗಳನ್ನು ಬಿಡಿಸಿ ಹೊಸ ಜಾಗದಲ್ಲಿ ನೆಡಿರಿ. ಹಳೆಯ ಮಡಿಯಲ್ಲೇ ನೆಟ್ಟರೆ ಹಳೆಯ ರೋಗವೂ ಕಾದಿರುತ್ತದೆ. ಗುಂಟೆಗೆ ಸುಮಾರು 250 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ಮಡಿಯನ್ನು ಎತ್ತರಿಸಿರಿ. ಅಡಿಗೊಂದರಂತೆ ನೆಟ್ಟರೆ ಗುಂಟೆಗೆ ಸುಮಾರು 1,000 ಗಿಡ ಹಿಡಿಯುತ್ತವೆ.

ನೆಟ್ಟ ನಾಲ್ಕು ವಾರಕ್ಕೆ ತುದಿಯನ್ನು ಚಿವುಟಿರಿ. ಬೆಳೆಯುವ ಕುಡಿಯನ್ನು ಚಿವುಟಲು ಕೈ ಬಾರದು, ನಿಜ. ಆದರೆ ತುದಿ ಹೋದರೆ ಪಕ್ಕದ ಕಣ್ಣುಗಳು ಚಿಗುರಿ ಗಿಡ ಹರಡುತ್ತದೆ. ರೆಂಬೆ ಹೆಚ್ಚಿದಷ್ಟೂ ಹೂವು ಹೆಚ್ಚು. ಗಿಡ ಬಾಗುವಂತಿದ್ದರೆ ಕಡ್ಡಿ ಊರಿ ಕಟ್ಟಿರಿ. ಹೇನು ಕಂಡರೆ ಲೀಟರು ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಅರೆದು, ರಾತ್ರಿ ನೆನೆಸಿ, ಸೋಸಿ ಸಿಂಪಡಿಸಿರಿ.

ಇನ್ನೊಂದು ಮಾತು. ಹಗಲು ಕಡಿಮೆಯಾಗಿ ರಾತ್ರಿ ಹೆಚ್ಚಾದಾಗಲೇ ಸೇವಂತಿಗೆ ಮೊಗ್ಗು ಕಟ್ಟುವುದು. ರಾತ್ರಿಯೆಲ್ಲ ಬೀದಿದೀಪ ಬೀಳುವ ಕಡೆ ನೆಟ್ಟರೆ ಎಲೆ ಸೊಂಪಾಗಿ ಬೆಳೆದರೂ ಹೂ ತಡವಾಗುತ್ತದೆ.

ಈ ಸಲ ಹೂ ಕೊಯ್ಯುವಾಗ ಸೊಂಟದಲ್ಲಿ ಒಂದಿಷ್ಟು ದಾರವಿರಲಿ. ನೆರೆಯವರಿಗೆ ಕಂದು ಕೊಡುವವರು ತಾಯಿಗಿಡವನ್ನು ತೋರಿಸಿ ಕೊಡಿರಿ. ಕೇಳುವವರು ಅದನ್ನು ನೋಡಿ ಕೇಳಿರಿ.