ತುರಹಳ್ಳಿ ಗುಡ್ಡ ಹೇಳುವ ಮಾತು



ಬೆಂಗಳೂರಿನ ಬನಶಂಕರಿ ಬಡಾವಣೆಯ ಆಚೆ, ಕನಕಪುರ ರಸ್ತೆಯ ಕಡೆಗೆ ತುರಹಳ್ಳಿ ಕಾಡಿದೆ. ಅಲ್ಲಿನ ಗುಂಡುಗಳ ಮೇಲೆ ಹುಡುಗರು ಬಂಡೆ ಹತ್ತುವುದನ್ನು ಕಲಿಯುತ್ತಾರೆ; ಹಿರಿಯರು ಕಾಲುದಾರಿಯಲ್ಲಿ ನಡೆಯುತ್ತಾರೆ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ, ಕಾಡು ಕಾಡಾಗಿಯೇ ಇರಲೆಂದು ಜನ ಒಟ್ಟಾಗಿ ಕೇಳಿದರು; ಯೋಜನೆ ನಿಂತಿತು.

ಪಟ್ಟಣದವರಿಗೆ ಗುಡ್ಡ ವಿಹಾರದ ಜಾಗ. ನಮಗೆ ಅದು ನೀರಿನ ಮೂಲ. ಬಂಡೆಯಿಂದ ಹರಿದ ಮಳೆನೀರು ಬುಡದ ಹುಲ್ಲುಪೊದೆಗಳಲ್ಲಿ ತಡೆದು, ಮಣ್ಣಿಗಿಳಿದು ಬಾವಿಗೆ ಒದಗುತ್ತದೆ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿಯಿಟ್ಟರೆ ಆ ತಡೆ ಹೋಗುತ್ತದೆ. ಮುಂಗಾರಿನಲ್ಲಿ ಮಣ್ಣು ಕೊಚ್ಚಿಬಂದು ಕೆರೆಯಲ್ಲಿ ಹೂಳು ತುಂಬುತ್ತದೆ.

ಆದ್ದರಿಂದ ನಿಮ್ಮೂರ ಗುಡ್ಡವನ್ನು ಬರಡೆನ್ನಬೇಡಿ. ಬೇಸಿಗೆಗೆ ಮೊದಲೇ ಪಂಚಾಯಿತಿಯಲ್ಲಿ ಕೂಡಿ, ಬೆಂಕಿ ಕಾಯುವ ಸರದಿಯನ್ನು ಗೊತ್ತುಮಾಡಿ.