ತಂತ್ರಾಂಶಕ್ಕೂ ಮುಯ್ಯಾಳು
(ಯುವಕ ಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ನಾಟಿಗೆ ಮುಯ್ಯಾಳು ಕೂಡುವುದು ನಮಗೆ ಹೊಸದಲ್ಲ. ಕಂಪ್ಯೂಟರಿನ ತಂತ್ರಾಂಶವೂ ಹೀಗೆ ಬೆಳೆದದ್ದುಂಟು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅವರು ಕಂಪ್ಯೂಟರನ್ನು ನಡೆಸುವ ಲಿನಕ್ಸಿನ ಮೂಲ ಬರಹವನ್ನು ಬಚ್ಚಿಡದೆ ಎಲ್ಲರ ಮುಂದಿಟ್ಟರು. ನಾನಾ ದೇಶದವರು ತಿದ್ದಿ ಬೆಳೆಸಿದರು. ಪತ್ರ, ಲೆಕ್ಕ ಬರೆಯುವ ಲಿಬ್ರೆಆಫೀಸ್ ಕನ್ನಡದಲ್ಲಿ ದೊರೆಯುವುದೂ ಸ್ವಯಂಸೇವಕರು ಕೈಜೋಡಿಸಿದ್ದರಿಂದ. ಅದಕ್ಕೆ ಬೆಲೆ ಕೊಡಬೇಕಿಲ್ಲ, ಹಂಚಲು ಅಡ್ಡಿಯಿಲ್ಲ.

ಆದರೆ ಆಳು ಕಡಿಮೆಯಾದರೆ ಕನ್ನಡ ಅರ್ಧಕ್ಕೇ ನಿಲ್ಲುತ್ತದೆ. ಆದುದರಿಂದ ಪ್ರತಿ ಯುವಕ ಮಂಡಲವೂ ವಾರಕ್ಕೊಂದು ಸಂಜೆಯನ್ನು ಗೊತ್ತುಮಾಡಲಿ. ಓದುವ ಮಕ್ಕಳು ಹತ್ತು ಹತ್ತು ವಾಕ್ಯ ಕನ್ನಡಿಸಲಿ; ಹಿರಿಯರು ಕೇಳಿ, ಅರ್ಥವಾಗದ ಮಾತನ್ನು ತೋರಿಸಲಿ. ಹೊಸಬರಿಗೆ ಸಣ್ಣ ಕೆಲಸ ಕೊಡಿ. ಒಬ್ಬರಿಗೆ ಗೊತ್ತಿರುವುದನ್ನು ಇಬ್ಬರಿಗೆ ಕಲಿಸಿಡಿ. ಒಬ್ಬರು ಊರು ಬಿಟ್ಟರೂ ಕೆಲಸ ನಿಲ್ಲಬಾರದು.