ಜ್ವರ ಬಂದ ರಾತ್ರಿ ಯಾರನ್ನು ಕೇಳಬೇಕು?



ಮಕ್ಕಳ ಲಸಿಕೆಯ ಪ್ರದರ್ಶನಕ್ಕೆ ಮೈಸೂರಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಒಳಗೆ ಕಾಲಿಟ್ಟೊಡನೆ ಎದುರಾಗುವ ಮೂವರು ಹೆಂಗಸರ ಚಿತ್ರವೇ ಅದಕ್ಕೆ ಸಾಕ್ಷಿ. ಐರ್ಲೆಂಡಿನ ಕಲಾವಿದ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ತೈಲಚಿತ್ರದ ಪ್ರತಿ ಅದು. ಇವರು ಯಾರೋ ನರ್ತಕಿಯರಿರಬೇಕು ಎಂದೇ ನೋಡಿದವರು ಭಾವಿಸಿದ್ದರು. ಬಲಬದಿಯಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಕಣ್ಣಿಗೆ ಬಿತ್ತು. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂಬುದು ಅವರ ವಾದ.

ವೈದ್ಯ ಜೆನ್ನರ್ ಕಂಡುಹಿಡಿದ ಆ ಲಸಿಕೆ ಮುಂಬೈಗೆ ಬಂದು ಆಗ ಮೂರೇ ವರ್ಷವಾಗಿತ್ತು. ಹಸುವಿನ ಹುಣ್ಣಿನಿಂದ ಹುಟ್ಟಿದ ಆ ಕೀವನ್ನು ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕಿತ್ತು. ಯಾವ ಜಾತಿಯವರ ಮೈಯಿಂದ ಬಂದದ್ದೋ ಎಂಬ ಅಂಜಿಕೆ ಒಂದು ಕಡೆ, ಪರಂಗಿಯವರು ಕೊಡುವ ಮದ್ದು ಎಂಬ ಅನುಮಾನ ಇನ್ನೊಂದು ಕಡೆ. ಮನೆಗೆ ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟುತ್ತಿದ್ದ ಊರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನ ಮಾತನ್ನು ಯಾರು ಕೇಳಬೇಕು? ಅರಮನೆಯ ಹೆಣ್ಣುಮಗಳು ತೋಳು ಕೊಟ್ಟಳು ಎಂದರೆ ಕೇಳುತ್ತಾರೆ. ಅದರಲ್ಲಿ ಕಂಪನಿಯ ಪ್ರಚಾರದ ಜಾಣತನವೂ ಇತ್ತು ಅನ್ನಿ.

ಇನ್ನೂರು ವರ್ಷದ ನಂತರ, ಪೋಲಿಯೊ ಕಾಲಕ್ಕೆ, ರಾಣಿಯ ಜಾಗದಲ್ಲಿ ಅಮಿತಾಭ್ ಬಚ್ಚನ್ ಇದ್ದರು. ಅವರು ಟಿವಿಯಲ್ಲಿ ಗದರಿದ್ದೂ ಒಂದಿಷ್ಟು ಕೆಲಸ ಮಾಡಿತು. ಆದರೆ ಪಶ್ಚಿಮ ಉತ್ತರ ಪ್ರದೇಶದ ಎಷ್ಟೋ ಕದಗಳು ಅದಕ್ಕೂ ತೆರೆಯಲಿಲ್ಲ. 2002ರಲ್ಲಿ ದೇಶದ 1,600 ಮಕ್ಕಳಿಗೆ ಪೋಲಿಯೊ ತಗಲಿತು. ಅದರಲ್ಲಿ ಮುಕ್ಕಾಲು ಪಾಲು ಉತ್ತರ ಪ್ರದೇಶ ಒಂದರಲ್ಲೇ. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗುಲ್ಲು ಅಲ್ಲಿ ಹಬ್ಬಿತ್ತು. ಅಜ್ಞಾನ ಎಂದು ತಳ್ಳಿಬಿಡುವುದು ಸುಲಭ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರದ ಜನ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದನ್ನು ಆ ಸೀಮೆ ಮರೆತಿರಲಿಲ್ಲ.

ಅಲ್ಲಿನ ಜನ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದರು. ಚರಂಡಿ ಕಟ್ಟಿಕೊಂಡಿದೆ, ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ, ಮಗುವಿಗೆ ಭೇದಿಯಾದರೆ ಕೇಳುವವರಿಲ್ಲ. ಹನಿ ಹಾಕುವವರು ಮಾತ್ರ ಮತ್ತೆ ಮತ್ತೆ ಬಾಗಿಲಿಗೆ ಬರುವುದೇಕೆ? ಇದಕ್ಕೆ ವಿಜ್ಞಾನದಲ್ಲೂ ಉತ್ತರವಿತ್ತು. ಕೊಳಕು ನೀರಿನಿಂದ ಪದೇ ಪದೇ ಹೊಟ್ಟೆ ಕೆಡುವ ಮಕ್ಕಳಲ್ಲಿ ಬಾಯಿಯ ಲಸಿಕೆ ಸರಿಯಾಗಿ ನಾಟುವುದಿಲ್ಲ. ಹಾಗಾಗಿಯೇ ಅಷ್ಟು ಸಲ ಹಾಕಬೇಕಾಯಿತು. ಅಂದರೆ ತಕರಾರು ತೆಗೆದ ತಂದೆ ಸರಿಯಾದ ಜಾಗಕ್ಕೇ ಬೊಟ್ಟು ಮಾಡಿದ್ದ!

ಆ ತಕರಾರನ್ನು ಕಿವಿಗೆ ಹಾಕಿಕೊಂಡ ಮೇಲೆ ಗಾಳಿ ತಿರುಗಿತು. ಯೂನಿಸೆಫ್ ಕಟ್ಟಿದ ಜಾಲದಲ್ಲಿ ಆಯಾ ಮೊಹಲ್ಲಾದ ಹೆಂಗಸರೇ ಮನೆಮನೆಗೆ ಹೋದರು. ಮಸೀದಿಯ ಮೈಕಿನಲ್ಲಿ ಇಮಾಮರು ಹನಿಯ ದಿನವನ್ನು ಸಾರಿದರು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾದಂಥ ಸಂಸ್ಥೆಗಳು ಜೊತೆಗೆ ನಿಂತವು. ರೋಗ ಬೇರುಬಿಟ್ಟಿದ್ದ ಉತ್ತರ ಪ್ರದೇಶ ಮತ್ತು ಬಿಹಾರದ 107 ಬ್ಲಾಕುಗಳಲ್ಲಿ ಹನಿಯ ಜೊತೆಗೆ ಕೈತೊಳೆಯುವುದು, ಎದೆಹಾಲು, ಭೇದಿಗೆ ಓಆರ್‌ಎಸ್ ಮತ್ತು ಜಿಂಕ್, ಇವೆಲ್ಲವೂ ಬಂದವು. 2009ರಲ್ಲಿ ದೇಶದಲ್ಲಿ 741 ಪ್ರಕರಣ, 2010ರಲ್ಲಿ 42, 2011ರಲ್ಲಿ ಒಂದೇ ಒಂದು: ಹೌರಾದ ಪುಟ್ಟ ಹುಡುಗಿ. 2010ರ ಹೊತ್ತಿಗೆ ಹೆಚ್ಚು ಪರಿಣಾಮಕಾರಿಯಾದ ಹೊಸ ಬಗೆಯ ಹನಿಯೂ ಸಿಕ್ಕಿತ್ತು, ನಿಜ. ಆದರೆ ಬಾಗಿಲು ತೆರೆಯದಿದ್ದರೆ ಅದು ಸೀಸೆಯಲ್ಲೇ ಉಳಿಯುತ್ತಿತ್ತು.

ಪ್ರದರ್ಶನದಲ್ಲಿ ಗೆಲುವುಗಳಷ್ಟೇ ಇದ್ದಿದ್ದರೆ ಉದ್ಘಾಟನೆಗೆ ಬರುವ ಉತ್ಸಾಹ ಅರ್ಧ ಇಳಿಯುತ್ತಿತ್ತು. ಖಮ್ಮಂನ ಕಥೆಗೂ ಇಲ್ಲಿ ಜಾಗ ಸಿಕ್ಕಿದೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದ ಹುಡುಗಿಯರಿಗೆ ಹಾಕಲಾಯಿತು. ಏಳು ಹುಡುಗಿಯರು ತೀರಿಕೊಂಡರು. ಆ ಸಾವುಗಳಿಗೂ ಲಸಿಕೆಗೂ ಸಂಬಂಧವಿಲ್ಲ ಎಂದು ತನಿಖೆ ಹೇಳಿತು. ಅದೇ ತನಿಖೆಯಲ್ಲಿ, ಹಲವು ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮಂದಿರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದೂ ಹೊರಬಿತ್ತು. ಮಗಳಿಗೆ ಸೂಜಿ ಚುಚ್ಚಿದ್ದು ತಿಳಿಯದೇ ಇದ್ದ ಮನೆಯವರ ಮುಂದೆ ತನಿಖಾ ವರದಿ ಹಿಡಿದರೆ ಏನು ಪ್ರಯೋಜನ? ಯೋಜನೆ ಅಲ್ಲಿಗೇ ನಿಂತಿತು, ಒಳ್ಳೆಯ ಲಸಿಕೆಯೊಂದು ವರ್ಷಗಟ್ಟಲೆ ಹಿಂದೆ ಬಿತ್ತು.

ಕರ್ನಾಟಕಕ್ಕೂ ಇಂಥ ಪರೀಕ್ಷೆ ಬಂತು. ದಡಾರ-ರುಬೆಲ್ಲಾ ಅಭಿಯಾನದ ಮೊದಲ ಹಂತಕ್ಕೆ 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಚುಚ್ಚುಮದ್ದು. ಶಾಲೆಗಿಂತ ಮೊದಲು ವಾಟ್ಸ್ಆ್ಯಪ್ ಮನೆಗೆ ಸುದ್ದಿ ಮುಟ್ಟಿಸಿತ್ತು, ಅದೂ ಅಡ್ಡಾದಿಡ್ಡಿ ಸುದ್ದಿ. ಮುಂದೆ 2019ರಲ್ಲಿ ದೆಹಲಿ ಹೈಕೋರ್ಟ್, ಪೋಷಕರ ಒಪ್ಪಿಗೆಯಿಲ್ಲದೆ ಶಾಲೆಯಲ್ಲಿ ಈ ಲಸಿಕೆ ಹಾಕುವಂತಿಲ್ಲ ಎಂದಿತು. ಅಧಿಕಾರಿಗಳಿಗೆ ಅದು ಅಡ್ಡಿಯಂತೆ ಕಂಡಿರಬಹುದು. ಖಮ್ಮಂ ನೆನಪಿದ್ದವರಿಗೆ ಹಾಗೆ ಕಾಣುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ರಾಜ್ಯದ ಶೇ. 63ರಷ್ಟು ಮಕ್ಕಳಿಗಷ್ಟೇ ಎಲ್ಲ ಮೂಲ ಲಸಿಕೆ ಸಿಕ್ಕಿತ್ತು; ಐದನೆಯ ಸುತ್ತಿಗೆ ಅದು ಶೇ. 84 ದಾಟಿತು. ಉಳಿದ ಮಕ್ಕಳ ಮನೆಯವರೆಲ್ಲ ಲಸಿಕೆಯ ವಿರೋಧಿಗಳಲ್ಲ. ಆರನೆಯ ವಾರ ಮಗುವಿನ ತೊಡೆಗೆ ಪೆಂಟಾವೇಲೆಂಟ್ ಲಸಿಕೆ ಚುಚ್ಚಿಸಿಕೊಂಡು ಬಂದ ರಾತ್ರಿ ಮೈ ಕಾದಿರುತ್ತದೆ, ತೊಡೆ ಊದಿರುತ್ತದೆ. ಚೆನ್ನಾಗಿದ್ದ ಕೂಸಿಗೆ ಏನು ಮಾಡಿಸಿಕೊಂಡು ಬಂದೆ ಎಂದು ಅತ್ತೆ ಗೊಣಗುತ್ತಾರೆ. ಮರುದಿನ ಗಂಡನ ಕೂಲಿ ತಪ್ಪುತ್ತದೆ. ಹತ್ತನೆಯ ವಾರದ ಡೋಸ್‌ಗೆ ಆ ಸೊಸೆ ಬರುವುದಿಲ್ಲ.

ಅದಕ್ಕೇ ಸಿಸ್ಟರುಗಳಿಗೆ ನಾಲ್ಕು ಮಾತು ಕಲಿಸಿರುತ್ತಾರೆ: ಇದು ಯಾವ ರೋಗಕ್ಕೆ, ಆಮೇಲೆ ಏನಾಗಬಹುದು, ಆದರೆ ಏನು ಮಾಡಬೇಕು, ಮತ್ತೆ ಯಾವಾಗ ಕಾರ್ಡ್ ಹಿಡಿದು ಬರಬೇಕು. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುವುದೂ ಪದ್ಧತಿ. ಐವತ್ತು ಮಕ್ಕಳ ಸಾಲಿನ ಮುಂದೆ ಈ ಮಾತುಗಳೇ ಮೊದಲು ಉದುರಿಹೋಗುತ್ತವೆ. ಸರ್ಕಾರ ಎಷ್ಟು ಡೋಸ್ ಹೋಯಿತು ಎಂದು ಎಣಿಸುತ್ತದೆಯೇ ಹೊರತು ಎಷ್ಟು ತಾಯಂದಿರಿಗೆ ಹೇಳಿದಿರಿ ಎಂದು ಕೇಳುವುದಿಲ್ಲ. ಎಣಿಸುವುದನ್ನು ಬದಲಿಸುವ ಅಧಿಕಾರ ಇರುವ ಕೆಲವರು ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಕೊನೆಯ ಮಳಿಗೆಯಲ್ಲಿ ಚಿತ್ರಗಳಿಲ್ಲ; ಎರಡು ಮೇಜು, ಆರು ಕುರ್ಚಿ, ಇಬ್ಬರು ಸಿಸ್ಟರುಗಳು, ಒಬ್ಬ ಮಕ್ಕಳ ಡಾಕ್ಟರು. ತಾಯಿ ಕಾರ್ಡ್ ತಂದವರು ಮೊದಲು ಅಲ್ಲಿಗೆ ಹೋಗಬಹುದು, ಚಿತ್ರಗಳನ್ನು ಆಮೇಲೆ ನೋಡಿದರಾಯಿತು. ಸಂಜೆ ಆರರವರೆಗೆ ಅವರು ಅಲ್ಲೇ ಇರುತ್ತಾರೆ. ಪ್ರದರ್ಶನ ಈಗ ಎಲ್ಲರಿಗೂ ತೆರೆದಿದೆ.